ಇನ್ನೊಬ್ಬಳ ಹೆರಿಗೆ ನೋವು

ದ್ಯಾಮವ್ವನ ಗಂಡ ಫಕೀರಪ್ಪನಿಗೆ ಹೃದಯದ ಆಪರೇಷನ್ ಆಗಬೇಕಿತ್ತು, ವಿಮೆ ಇರಲಿಲ್ಲ. ವಿಮೆ ಇಲ್ಲದವರಿಂದ ಆಸ್ಪತ್ರೆಗಳು ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಅಂಥವರು ವಿಮೆ ಇದ್ದವರ ನೋವು ಉಂಡು ಬಿಲ್ಲು ತೀರಿಸಬೇಕಿತ್ತು. ದ್ಯಾಮವ್ವನ ಪಾಲಿಗೆ ಪಕ್ಕದ ಕೋಣೆಯ ಹೆಂಗಸಿನ ಹೆರಿಗೆ ನೋವು ಬಂತು.

"ಮದ್ಲ ಎಂದಾರ ಹಡದೀರೇನ್ರಿ?" ನರ್ಸ್ ಕೇಳಿದಳು.

"ಇಲ್ರಿ. ನಮಗ ಮಕ್ಕಳಾಗಲಿಲ್ಲ."

"ಹಂಗಾರ ತಡಕೊಳ್ಳಾಕ ಆಗಂಗಿಲ್ಲ. ಬ್ಯಾರೆ ನೋವು ಕೊಡ್ಲೇನ್ರಿ?"

ದ್ಯಾಮವ್ವ ಪಕ್ಕದ ಕೋಣೆಯ ಗೋಡೆಯತ್ತ ನೋಡಿದಳು. "ಬ್ಯಾಡ್ರಿ. ಇದ ಇರಲಿ."

ಮಧ್ಯಾಹ್ನದವರೆಗೂ ಅವಳು ಮಂಚದ ಸರಳು ಹಿಡಿದು ಚೀರಿದಳು. ಕೊನೆಗೆ ಗೋಡೆಯಾಚೆ ಮಗು ಅತ್ತಿತು. ಅವಳಿಗೇ ತಿಳಿಯದಂತೆ ಎರಡೂ ಕೈ ಮುಂದೆ ಚಾಚಿಕೊಂಡವು.

ನರ್ಸ್ ಆ ಕೈಗಳಲ್ಲಿ ರಸೀದಿ ಇಟ್ಟಳು. "ಅರ್ಧ ಮುಟ್ಟೇತ್ರಿ. ಉಳಿದದ್ದಕ್ಕ ನಾಳೆ ಬರ್ರಿ."