ರಾಣಿ ಬೇಡಿದ ಕ್ಷೌರ

"ಕಿವಿ ಕುಯ್ಯೋದಾ ಅಮ್ಮಾವ್ರೇ? ಗಡ್ಡ ಹೆರೆಯೋ ಕೈ ಇದು," ಎಂದ ಅರಮನೆಯ ಕ್ಷೌರಿಕ ರಶ್ನ.

ರಾಣಿ ಪರ್ಮೀಸೆಗೆ ವಾದ ಮಾಡುವಷ್ಟು ವ್ಯವಧಾನವಿರಲಿಲ್ಲ. ಅವಳ ಗಂಡ, ಪಾರ್ಥಿಯ ದೇಶದ ಮುದಿದೊರೆ ತೀರಿಕೊಂಡು, ಅವಳ ಸವತಿಯ ಮಗ ಬೆಳಿಗ್ಗೆಯಷ್ಟೇ ಪಟ್ಟವೇರಿದ್ದ. ಆ ಮನೆತನದಲ್ಲಿ ಪಟ್ಟವೇರಿದವನು ಮೊದಲು ಮಾಡುವ ಕೆಲಸವೇ ತಮ್ಮಂದಿರನ್ನು ಮುಗಿಸುವುದು. ಅಂಗ ಊನವಾದವನಿಗೆ ಸಿಂಹಾಸನದ ಹಕ್ಕಿಲ್ಲ. ಹಾಗಾಗಿ ಅಂಥವನನ್ನು ಮಾತ್ರ ಯಾರೂ ಕೊಲ್ಲುವ ಗೋಜಿಗೆ ಹೋಗುವುದಿಲ್ಲ.

"ಕಿವಿ ಹೋದ್ರೆ ತಲೆ ಉಳೀತದೆ ರಶ್ನಾ, ಕುಯ್ಯಿ!"

ಮಗ ಬರ್ಜಾನ ಬಿಳಚಿಕೊಂಡಿದ್ದರೂ ನಕ್ಕ. "ಎಡಗಡೇದು ತಗೋ ಮಾರಾಯ. ಅವ್ವನ ಬೈಗುಳ ಕೇಳಿ ಕೇಳಿ ಅದು ಹೇಗೂ ಸವೆದು ಹೋಗಿದೆ."

"ತಮಾಷೆ ಸಾಕು ಮಗನೇ, ಹಲ್ಲು ಕಚ್ಚಿ ಹಿಡ್ಕೋ."

ಅಷ್ಟರಲ್ಲಿ ಅಂಗಳದಲ್ಲಿ ಕುದುರೆಗಳ ಗೊರಸಿನ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು ಕೇಳಿಸಿದವು.

"ಬಂದೇ ಬಿಟ್ರು! ಬೇಗ ಕಣೋ, ನಿಂಗೆ ಕೈ ಮುಗೀತೀನಿ," ಎಂದು ರಾಣಿ ಮಗನ ತಲೆಯನ್ನು ಮಡಿಲಿಗೆ ಒತ್ತಿ ಹಿಡಿದಳು. ರಶ್ನ ಕ್ಷೌರದ ಕತ್ತಿಯನ್ನು ಎಡಗಿವಿಯ ಬುಡಕ್ಕಿಟ್ಟು ಎಳೆದೇಬಿಟ್ಟ.

ಬಾಗಿಲು ತೆರೆಯಿತು. ಒಳಬಂದ ಸೇನಾಪತಿಯ ಕೈಯಲ್ಲಿ ಆಯುಧವಿರಲಿಲ್ಲ. ಹೊಸ್ತಿಲಲ್ಲೇ ಮಂಡಿಯೂರಿ, ತಲೆ ತಗ್ಗಿಸಿ, ದೊರೆಯ ಹಣೆಗೆ ಕಟ್ಟುವ ಬಿಳಿಯ ಪಟ್ಟವನ್ನು ಎರಡೂ ಕೈಗಳಲ್ಲಿ ಮುಂದೆ ಚಾಚಿದ.

"ಹೊಸ ದೊರೆಗಳು ಮೆರವಣಿಗೇಲಿ ಕುದುರೆಯಿಂದ ಬಿದ್ದು ಪ್ರಾಣ ಬಿಟ್ರು. ಇನ್ಮೇಲೆ ನೀವೇ ನಮಗೆ ದೊರೆ, ಬರ್ಜಾನ ಪ್ರಭು."

ಸೇನಾಪತಿ ತಲೆಯೆತ್ತಿ ನೋಡಿದ. ಆಮೇಲೆ ನಿಧಾನವಾಗಿ ಎದ್ದು ನಿಂತು, ಪಟ್ಟವನ್ನು ಮಡಚಿ, ತನ್ನ ಸೊಂಟದ ಚೀಲದೊಳಗೆ ಇಟ್ಟುಕೊಂಡ.