ಕಡಲತೀರದ ವಾರ

ಕ್ಲಬ್ಬಿನ ನಿಯಮ ವನಜಾಕ್ಷಿಗೆ ಬಾಯಿಪಾಠವಾಗಿತ್ತು. ಬೆಟ್ಟದ ರೆಸಾರ್ಟಿನಲ್ಲಿ ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಸಿಗುವ ತಮ್ಮ ವಾರವನ್ನು ಒಂಬತ್ತು ತಿಂಗಳು ಮುಂಚೆಯೇ ಕ್ಲಬ್ಬಿಗೆ ಡೆಪಾಸಿಟ್ ಮಾಡಿದರೆ, ಅದರ ಬದಲಿಗೆ ಕಡಲತೀರದಲ್ಲಿ ಒಂದು ವಾರ ಸಿಗುತ್ತದೆ. ತಡಮಾಡಿದವರಿಗೆ ಏನೂ ಇಲ್ಲ. ಆದರೆ ಗಂಡನದು ಪ್ರತಿವರ್ಷ ಅದೇ ರಾಗ: "ಕಾರ್ತಿಕದಲ್ಲಿ ಅಪ್ಪನ ತಿಥಿ ಯಾವತ್ತು ಬೀಳುತ್ತೋ ಏನೋ. ಹೊಸ ಪಂಚಾಂಗ ಬರ್ಲಿ, ತಾಳು."

ಈ ಸಲವೂ ಯುಗಾದಿಯ ದಿನ ಪುರೋಹಿತರು ಮನೆಗೆ ಬಂದು, ಹೊಸ ಪಂಚಾಂಗ ಬಿಡಿಸಿ ತಿಥಿಯ ದಿನ ಹೇಳಿದ ಮೇಲೆಯೇ ಅವಳು ಕ್ಲಬ್ಬಿಗೆ ಫೋನು ಮಾಡಿದ್ದು.

"ಕಡಲತೀರದ್ದು ಎಲ್ಲಾ ಬುಕ್ ಆಗೋಗಿದೆ ಮೇಡಂ."

ಅವಳು ಫೋನನ್ನು ಸೋಫಾದ ಮೇಲೆ ಎಸೆದು ಗಂಡನ ಕಡೆ ತಿರುಗಿದಳು. "ಆರು ವರ್ಷದಿಂದ ಇದೇ ಆಯ್ತು! ಸತ್ತವರನ್ನ ಕೇಳ್ಕೊಂಡು ಬದುಕಿರೋರು ರಜಾ ಹಾಕ್ಬೇಕಾ? ಆ ಪಂಚಾಂಗಾನ ನೀವೇ ಹಾಸ್ಕೊಂಡು ಮಲ್ಕೊಳ್ಳಿ!"

ಪುರೋಹಿತರೇ ಸಮಾಧಾನಕ್ಕೆ ಬಂದರು. "ಸಿಟ್ಟು ಮಾಡ್ಕೋಬೇಡಿ ತಾಯಿ. ಡೆಪಾಸಿಟ್ ಮುಂಚೇನೇ ಮಾಡ್ಬೇಕು. ನಾನೂ ಅದೇ ಕ್ಲಬ್ಬಲ್ಲಿದ್ದೀನಿ. ನನಗೆ ಕಾರ್ತಿಕದಲ್ಲಿ ಕಡಲತೀರಾನೇ ಸಿಕ್ಕಿದೆ."

ವನಜಾಕ್ಷಿ ಹಲ್ಲು ಕಡಿದಳು. "ಪಂಚಾಂಗ ಬರೋಕೆ ಮುಂಚೇನೇ ನೀವು ಹೊರಡೋ ದಿನ ಹೇಗೆ ಗೊತ್ತು ಮಾಡಿದ್ರಿ?"

"ಅದೇನು ಮಹಾ! ಹೋದ ದೀಪಾವಳಿಗೇ ಲೆಕ್ಕ ಹಾಕಿ ಇಟ್ಕೊಂಡಿದ್ದೆ. ನಿಮ್ಮ ಮಾವನವರ ತಿಥಿ ಮುಗಿಸಿ, ಮಾರನೇ ದಿನವೇ ಹೊರಡೋದು."