ಓಟಿ ಲೆಕ್ಕಕ್ಕಿಲ್ಲ

ಗಂಡನಿಗೆ ‘ಹೂಂ’ ಅನ್ನುವುದರ ಹೊರತು ಬೇರೆ ಮಾತೇ ತನಗೆ ಮರೆತುಹೋಗಿದೆಯೇನೋ ಎಂಬ ಅಳುಕು, ರಿಸೀವರ್ ಕಿವಿಗಿಟ್ಟ ಕೂಡಲೇ ಪ್ರಮೀಳಾಳನ್ನು ಹಿಡಿಯಿತು. ತಮಿಳುನಾಡಿನ ಗಡಿಯಂಚಿನ ತಾಳವಾಡಿಯ ಆ ಫೋನ್ ಬೂತಿಗೆ ಬಾಗಿಲೇನೋ ಇತ್ತು, ಮುಚ್ಚುತ್ತಿರಲಿಲ್ಲ. ಹೊರಗೆ ಬೆಂಚಿನಲ್ಲಿ ಸರದಿ ಕಾಯುತ್ತ ಕೂತವರಿಗೆಲ್ಲ ಕನ್ನಡವೂ ಬರುತ್ತಿತ್ತು, ತಮಿಳೂ ಬರುತ್ತಿತ್ತು. ಅವರಿಗೆ ತಿಳಿಯದಂತೆ ಗಂಡನೊಡನೆ ಆಡಲು ಅವಳಿಗೆ ಮೂರನೆಯ ಭಾಷೆಯಿರಲಿಲ್ಲ.

ಸಿಂಗಪುರದಿಂದ ಶಿವಮಲ್ಲುವಿನ ದನಿ ಕುಗ್ಗಿ ಬಂತು. “ಸಂಬ್ಳ ಸಾಲ್ದಂತೆ ಕಣೆ. ಇಷ್ಟು ಅಂತ ಸಂಬ್ಳ ಇದ್ದೋರ್ಗೆ ಮಾತ್ರ ಇಲ್ಲಿ ಸರ್ಕಾರ ಎಂಡ್ತಿ ಕರುಸ್ಕೊಳಕೆ ಬುಡೋದು. ಓಟಿ ದುಡ್ಡು ಲೆಕ್ಕಕ್ಕಿಲ್ವಂತೆ.” ಅವಳನ್ನು ಕರೆಸಿಕೊಳ್ಳಲೆಂದೇ ಅವನು ಎರಡು ವರ್ಷ ಭಾನುವಾರವನ್ನೂ ಬಿಡದೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಪಾಳಿ ಮುಗಿದ ಮೇಲೂ ನಿಂತು ಓಟಿ ದುಡಿದಿದ್ದ. “ಬ್ಯಾರೆ ಕಂಪ್ನಿ ನೋಡ್ತೀನಿ. ಇನ್ನೆರಡೊರ್ಸ ತಡ್ಕೊತೀಯಾ?”

“ಹೂಂ,” ಎಂದಳು. ಬೆಂಚಿನಿಂದ ದೊಡ್ಡಮಾದಮ್ಮ ಕೂಗಿದಳು: “ಅದೇನವ್ವಾ, ಗಂಡನ್ ಕುಟ್ಟೆ ಮಾತಾಡ್ತಿದ್ದೀಯೋ, ಕತೆ ಕೇಳ್ತಾ ಊಂಗುಟ್ತಿದ್ದೀಯೋ?” ಎಲ್ಲರೂ ಗೊಳ್ಳೆಂದರು. ಆ ನಗು ಸಿಂಗಪುರದವರೆಗೂ ಕೇಳಿಸಿತು. “ನಿಂಗೇನ್ ಬುಡು,” ಎಂದ ಶಿವಮಲ್ಲು, ಸಮಾಧಾನವಾದವನಂತೆ. “ಸುತ್ತ ನಗ್ಸೋ ಜನ ಅವ್ರೆ.”

ಪ್ರಮೀಳಾ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ ಫೋನಿನ ವೈರನ್ನು ಬಿಟ್ಟಳು. ಬೆರಳು ಬೆಳ್ಳಗಾಗಿತ್ತು. ಗೋಡೆಯ ಕಡೆ ತಿರುಗಲಿಲ್ಲ, ದನಿ ತಗ್ಗಿಸಲೂ ಇಲ್ಲ. ಬೆಂಚಿನವರ ಮುಖ ನೋಡಿಕೊಂಡೇ ಹೇಳಿದಳು.

“ಯಾರೂ ಇಲ್ಲ ಕಣ್ರೀ. ನಾನೊಬ್ಳೇ ಇವ್ನಿ. ನಂಗೆ ಸಿಂಗಪುರ ಬ್ಯಾಡ, ನೀವೇ ಬಂದ್ಬುಡಿ.”